ಸಗಣಿ ಹಚ್ಚಿದರೆ ಸುಟ್ಟಗಾಯ ವಾಸಿಯಾಗುತ್ತಾ? ಉಗಾಂಡದ ಐದನೇ ಕ್ಲಾಸಿನ ಮಕ್ಕಳ ಪಾಠ

2016ರಲ್ಲಿ ಉಗಾಂಡದ ಮಧ್ಯಭಾಗದ 60 ಪ್ರಾಥಮಿಕ ಶಾಲೆಗಳಲ್ಲಿ ಐದನೇ ಕ್ಲಾಸಿನ ಮಕ್ಕಳ ಕೈಗೆ ಒಂದು ಹೊಸ ಪುಸ್ತಕ ಬಂತು. ಅರ್ಧ ಕಾಮಿಕ್ಸ್, ಅರ್ಧ ಪಾಠ. ಅದರಲ್ಲಿ ಜಾನ್ ಮತ್ತು ಜೂಲಿ ಎಂಬ ಇಬ್ಬರು ಮಕ್ಕಳಿದ್ದಾರೆ. ಜಾನ್ ಬೆರಳು ಸುಟ್ಟುಕೊಳ್ಳುತ್ತಾನೆ. ಹಸುವಿನ ಸಗಣಿ ಹಚ್ಚು, ವಾಸಿಯಾಗುತ್ತೆ ಎಂಬ ಸಲಹೆ ಬರುತ್ತದೆ. ಹೇಳಿದವರಿಗೆ ಹಿಂದೆ ಹಾಗೆ ವಾಸಿಯಾಗಿತ್ತಂತೆ.

ನಮ್ಮ ಕಡೆ ಸುಟ್ಟಗಾಯಕ್ಕೆ ಟೂತ್‌ಪೇಸ್ಟ್ ಹಚ್ಚುತ್ತೇವೆ, ಇಂಕು ಸುರಿಯುತ್ತೇವೆ. ಕಾಮಾಲೆ ಬಂದರೆ ಇಂಥ ಊರಿನಲ್ಲಿ ಇಂಥವರು ಬೇರು ಅರೆದು ಕೊಡುತ್ತಾರೆ, ಮೂರು ದಿನ ಪಥ್ಯ ಮಾಡಿದರೆ ಸಾಕು ಎನ್ನುತ್ತೇವೆ. ಕೋವಿಡ್ ಎರಡನೇ ಅಲೆಯಲ್ಲಿ ಮೂಗಿಗೆ ನಿಂಬೆರಸ ಬಿಟ್ಟುಕೊಳ್ಳಿ ಎಂಬ ಮಾತು ಕರ್ನಾಟಕದ ಎಷ್ಟೋ ಮನೆಗಳ ಫೋನಿಗೆ ಬಂದಿತ್ತು. ಹೇಳಿದವರೆಲ್ಲ ಕೆಟ್ಟವರಲ್ಲ. ಬಹಳ ಜನ ನಿಜವಾದ ಕಾಳಜಿಯಿಂದಲೇ ಹೇಳಿದರು. ಕಷ್ಟ ಇರುವುದೇ ಅಲ್ಲಿ. ಕಾಳಜಿಯಿಂದ ಹೇಳಿದ ಮಾತೂ ತಪ್ಪಾಗಿರಬಹುದು. ಅದನ್ನು ಪರೀಕ್ಷಿಸಿ ನೋಡುವುದು ಹೇಗೆ ಎಂದು ನಮಗೆ ಯಾರೂ ಶಾಲೆಯಲ್ಲಿ ಕಲಿಸಲಿಲ್ಲ.

ಉಗಾಂಡದಲ್ಲಿ ಕಲಿಸಿ ನೋಡಿದರು. ಸುಮ್ನೆ ಕಲಿಸಿ ಬಿಡಲಿಲ್ಲ, ಕಲಿತರೋ ಇಲ್ಲವೋ ಎಂದು ಸರಿಯಾಗಿ ಅಳೆದರು. ಒಂದು ವರ್ಷ ಬಿಟ್ಟು ಮತ್ತೆ ಹೋಗಿ ಅಳೆದರು. ಕೇಳಿದ, ಓದಿದ ಮಾತನ್ನು ತೂಗಿ ನೋಡುವ ಈ ಕಲೆಗೆ ಮಾಹಿತಿ ಸಾಕ್ಷರತೆ ಎನ್ನುತ್ತಾರೆ, ಅದರ ಬಗ್ಗೆ ಭಾಷಣ, ಘೋಷಣೆ ಜಗತ್ತಿನಲ್ಲಿ ಸಾಕಷ್ಟಿವೆ. 2005ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಸೇರಿದ ತಜ್ಞರು ಅದನ್ನು ಡಿಜಿಟಲ್ ಕಾಲದ ಮೂಲಭೂತ ಹಕ್ಕು ಎಂದೇ ಕರೆದರು. ಆದರೆ ಬಡ ದೇಶವೊಂದರ ಸಾಮಾನ್ಯ ಶಾಲೆಗಳಲ್ಲಿ, ಸಾವಿರಾರು ಮಕ್ಕಳ ಮೇಲೆ, ಇಷ್ಟು ಕಟ್ಟುನಿಟ್ಟಾಗಿ ನಡೆದ ಪರೀಕ್ಷೆಗಳು ಬಹಳ ಕಡಿಮೆ. ಅದಕ್ಕೇ ಈ ಒಂದು ಪ್ರಕರಣವನ್ನು ಪೂರ್ತಿಯಾಗಿ ಬರೆಯಬೇಕು ಅನ್ನಿಸಿತು.

ಹಿನ್ನೆಲೆ: ಒಂದು ಲೋಟ ಕಷಾಯ, ಮೈಲುಗಟ್ಟಲೆ ಸಾಲು

ಪೂರ್ವ ಆಫ್ರಿಕಕ್ಕೆ ಇದು ಯಾಕೆ ಬೇಕಿತ್ತು ಎಂದು ತಿಳಿಯಲು 2011ಕ್ಕೆ ಹೋಗಬೇಕು. ಪಕ್ಕದ ಟಾಂಜಾನಿಯಾದ ಲೋಲಿಯೊಂಡೊ ಎಂಬ ಕಡೆ ಒಬ್ಬ ನಿವೃತ್ತ ಪಾದ್ರಿ ಒಂದು ಮರದ ಬೇರಿನ ಕಷಾಯ ಕೊಡಲು ಶುರು ಮಾಡಿದರು. ಒಂದು ಲೋಟಕ್ಕೆ 500 ಶಿಲಿಂಗ್. ಬಹಳ ಕಡಿಮೆ ದುಡ್ಡು. ಏಡ್ಸ್, ಸಕ್ಕರೆ ಕಾಯಿಲೆ, ಕ್ಯಾನ್ಸರ್, ಎಲ್ಲಕ್ಕೂ ಅದೊಂದೇ ಮದ್ದು. ಜನ ಬಸ್ಸು, ಲಾರಿ, ಕಾರು ಹತ್ತಿ ಬಂದರು. ಅಕ್ಕಪಕ್ಕದ ದೇಶಗಳಿಂದಲೂ ಬಂದರು. ವಾಹನಗಳ ಸಾಲು ಮೈಲುಗಟ್ಟಲೆ ಬೆಳೆಯಿತು. ಸಾಲಿನಲ್ಲೇ ಕೆಲವರು ಸತ್ತರು. ಕಷಾಯ ಕುಡಿದ ನಂತರ ಎಚ್‌ಐವಿ ಮಾತ್ರೆ ಬಿಟ್ಟವರೂ ಇದ್ದರು.

ಇದನ್ನು ಓದಿ ಅಲ್ಲಿನ ಜನ ಮುಗ್ಧರು ಎಂದುಕೊಂಡರೆ ತಪ್ಪು. ಕಷಾಯ ಕುಡಿದು ಹಗುರಾದೆ ಎನ್ನುವ ಜನರು ಕಣ್ಣೆದುರು ಇದ್ದರು. ಕೊಡುವವರು ಗೌರವಸ್ಥರು. ದುಡ್ಡಿನ ಆಸೆ ಕಾಣುತ್ತಿರಲಿಲ್ಲ. ಅಷ್ಟೊಂದು ಜನ ಹೋಗುತ್ತಿದ್ದಾರೆ ಎಂದರೆ ಏನೋ ಇರಬೇಕು ಅಲ್ವಾ? ಈ ನಾಲ್ಕು ಕಾರಣಗಳೂ ಗಟ್ಟಿಯಾಗಿಯೇ ಕಾಣುತ್ತವೆ. ನಾಲ್ಕೂ ಸಾಲದು ಎಂದು ಹೇಳಲು ಒಂದು ಬಗೆಯ ತರಬೇತಿ ಬೇಕು.

ಉಗಾಂಡದ ರಾಜಧಾನಿ ಕಂಪಾಲಾದ ಮಕೆರೆರೆ ವಿಶ್ವವಿದ್ಯಾಲಯದ ಅಲೆನ್ ಎನ್‌ಸಾಂಗಿ, ಡೇನಿಯಲ್ ಸೆಮಕುಲ ಎಂಬ ಯುವ ಸಂಶೋಧಕರು ಈ ಕೆಲಸಕ್ಕೆ ಇಳಿದರು. ಅವರ ಬೆನ್ನಿಗೆ ಹಿರಿಯರಾದ ನೆಲ್ಸನ್ ಸೆವಾಂಕಾಂಬೊ ಇದ್ದರು. ನಾರ್ವೆಯ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಆಂಡ್ರ್ಯೂ ಆಕ್ಸ್‌ಮನ್ ಮತ್ತು ಇಂಗ್ಲೆಂಡಿನ ಇಯಾನ್ ಚಾಮರ್ಸ್ ಜೊತೆಗೂಡಿದರು. ಹಣ ನಾರ್ವೆಯ ಸಂಶೋಧನಾ ಮಂಡಳಿಯದು.

ಆಕ್ಸ್‌ಮನ್ ಅವರ ಒಂದು ಹಳೇ ಅನುಭವವನ್ನು ಇಲ್ಲಿ ಹೇಳಲೇಬೇಕು. ಅವರು ವರ್ಷಗಟ್ಟಲೆ ವೈದ್ಯರಿಗೆ, ಅಧಿಕಾರಿಗಳಿಗೆ, ಪತ್ರಕರ್ತರಿಗೆ ಇದನ್ನೇ ಕಲಿಸಲು ನೋಡಿದ್ದರು. ದೊಡ್ಡವರಿಗೆ ಪುರುಸೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರ ತಲೆಯಲ್ಲಿ ಆಗಲೇ ಬೇರೂರಿದ್ದನ್ನು ಮೊದಲು ಕೀಳಬೇಕು. 2000ದ ಸುಮಾರಿಗೆ ಒಮ್ಮೆ ತಮ್ಮ ಹತ್ತು ವರ್ಷದ ಮಗನ ಕ್ಲಾಸಿಗೆ ಹೋದರು. ಬಣ್ಣಬಣ್ಣದ ಚಾಕೊಲೇಟ್ ಗುಂಡುಗಳನ್ನು ತೆಗೆದುಕೊಂಡು ಹೋಗಿದ್ದರು. ನಮ್ಮಲ್ಲಿ ಜೆಮ್ಸ್ ಸಿಗುತ್ತಲ್ಲ, ಅಂಥವು. ಕೆಂಪು ಗುಂಡು ತಿಂದರೆ ಬೇಗ ಬೇಗ ಬರೆಯಬಹುದು, ಚಿತ್ರ ಬಿಡಿಸಬಹುದು ಎಂದು ದೊಡ್ಡ ಹುಡುಗರು ಹೇಳುತ್ತಾರೆ, ಆದರೆ ಸ್ವಲ್ಪ ಹೊಟ್ಟೆನೋವು, ತಲೆಸುತ್ತು ಬರುತ್ತಂತೆ. ಇದು ನಿಜವೋ ಅಲ್ಲವೋ ನೀವೇ ಕಂಡುಹಿಡಿಯಿರಿ ಎಂದರು. ಮಕ್ಕಳು ಗುಂಪು ಮಾಡಿಕೊಂಡು ತಾವೇ ಪರೀಕ್ಷೆ ಕಟ್ಟಿದರು. ದೊಡ್ಡವರಿಗೆ ವಿವರಿಸಲು ಒದ್ದಾಡಿದ್ದು ಈ ಮಕ್ಕಳಿಗೆ ಆಟದಲ್ಲಿ ಅರ್ಥವಾಗಿತ್ತು. ಕಲಿಸುವುದಾದರೆ ಈ ವಯಸ್ಸಿನಲ್ಲೇ ಕಲಿಸಬೇಕು ಎಂಬ ತೀರ್ಮಾನ ಅಲ್ಲಿಂದ ಬಂತು.

ಪುಸ್ತಕ ಕಟ್ಟಿದ ಬಗೆ

ಮೊದಲು ಒಂದು ಪಟ್ಟಿ ತಯಾರಾಯಿತು. ಯಾರಾದರೂ ಇಂಥ ಮದ್ದು ಕೆಲಸ ಮಾಡುತ್ತೆ ಎಂದಾಗ ಅದನ್ನು ತೂಗಿ ನೋಡಲು ಏನೇನು ಗೊತ್ತಿರಬೇಕು? 32 ಅಂಶಗಳು ಸಿಕ್ಕವು. ಉಗಾಂಡದ ಮೇಷ್ಟ್ರುಗಳನ್ನು ಕೂರಿಸಿಕೊಂಡು ನೋಡಿದಾಗ 24 ಅಂಶಗಳು ಪ್ರಾಥಮಿಕ ಶಾಲೆಗೆ ಹೊಂದುತ್ತವೆ ಅನ್ನಿಸಿತು. ಕ್ಲಾಸುಗಳಲ್ಲಿ ಪಾಠ ಮಾಡಿ ನೋಡಿದ ಮೇಲೆ ಒಂದು ಟರ್ಮ್‌ನಲ್ಲಿ ಅಷ್ಟೆಲ್ಲ ಆಗದ ಮಾತು ಎಂದು ಗೊತ್ತಾಯಿತು. ಕೊನೆಗೆ ಉಳಿದವು 12.

ಈ 32ರಿಂದ 12ಕ್ಕೆ ಇಳಿದ ದಾರಿ ನನಗೆ ಇಡೀ ಯೋಜನೆಯ ಬಹಳ ಮುಖ್ಯವಾದ ಭಾಗ ಅನ್ನಿಸುತ್ತದೆ. ಪಠ್ಯ ಮಾಡುವವರು ಸಾಮಾನ್ಯವಾಗಿ ಸೇರಿಸುತ್ತಾ ಹೋಗುತ್ತಾರೆ. ಇವರು ತೆಗೆಯುತ್ತಾ ಹೋದರು. ಬಹಳಷ್ಟು ಶಾಲೆಗಳಲ್ಲಿ ಕರೆಂಟು, ಕಂಪ್ಯೂಟರ್ ನೆಚ್ಚಿಕೊಳ್ಳುವ ಹಾಗಿರಲಿಲ್ಲ. ಅದಕ್ಕೇ ಅಚ್ಚು ಮಾಡಿದ ಪುಸ್ತಕ. ಮಕ್ಕಳಿಗೆ ಕಥೆ ಹಿಡಿಸುತ್ತೆ, ಅದಕ್ಕೇ ಕಾಮಿಕ್ಸ್. ಮೇಷ್ಟ್ರಿಗೆ ವಿಷಯ ಹೊಸದು, ಅದಕ್ಕೇ ಅವರಿಗೆ ಬೇರೆ ಕೈಪಿಡಿ ಮತ್ತು ಮೊದಲೇ ಒಂದು ತರಬೇತಿ.

ಒಟ್ಟು ಒಂಬತ್ತು ಪಾಠ. ಒಂದೊಂದು 80 ನಿಮಿಷದ್ದು. ಮೊದಲನೆಯದು ಆರೋಗ್ಯ, ಚಿಕಿತ್ಸೆ, ಪರಿಣಾಮ ಅಂದರೆ ಏನು ಎಂದು ತಿಳಿಸುತ್ತದೆ. ಕೊನೆಯದು ಎಲ್ಲವನ್ನೂ ಮತ್ತೆ ನೆನಪಿಸುತ್ತದೆ. ನಡುವಿನ ಏಳರಲ್ಲಿ ತಿರುಳಿದೆ. ಮೊದಲ ಮೂರು ಪಾಠ ‘ಯಾವುದನ್ನು ನಂಬಿ ಕೂರಬಾರದು’ ಎನ್ನುವುದಕ್ಕೆ. ಒಬ್ಬರ ಅನುಭವ ಸಾಲದು. ಬಹಳ ಕಾಲದಿಂದ ಮಾಡುತ್ತಾ ಬಂದಿದ್ದಾರೆ ಎನ್ನುವುದು ಸಾಲದು. ಎಲ್ಲರೂ ಮಾಡುತ್ತಾರೆ ಎನ್ನುವುದು ಸಾಲದು. ಹೊಸದು, ದುಬಾರಿಯದು ಎಂದ ಮಾತ್ರಕ್ಕೆ ಒಳ್ಳೆಯದಲ್ಲ. ಮಾರುವವನ ಮಾತನ್ನು ಹಾಗೇ ತೆಗೆದುಕೊಳ್ಳಬಾರದು. ದೊಡ್ಡ ತಜ್ಞರು ಹೇಳಿದರು ಎನ್ನುವುದೂ ಒಂದೇ ಸಾಲದು. ಆಮೇಲಿನ ಮೂರು ಪಾಠ ‘ಹಾಗಾದರೆ ಯಾವುದನ್ನು ನಂಬಬಹುದು’ ಎನ್ನುವುದಕ್ಕೆ. ಕೊನೆಯದಕ್ಕೆ ಹಿಂದಿನದು, ಒಳಿತು ಕೆಡುಕು ಎರಡನ್ನೂ ತೂಗುವುದಕ್ಕೆ.

ಕ್ಲಾಸಿನೊಳಗೆ

ಸಗಣಿಯ ಮಾತಿಗೆ ಬರೋಣ. ‘ನಾನು ಸಗಣಿ ಹಚ್ಚಿದೆ, ಗಾಯ ವಾಸಿಯಾಯಿತು, ಆದ್ದರಿಂದ ಸಗಣಿ ಸುಟ್ಟಗಾಯ ವಾಸಿ ಮಾಡುತ್ತೆ.’ ಈ ಮೂರು ತುಂಡುಗಳಲ್ಲಿ ಮೊದಲ ಎರಡು ನಿಜ. ಹಚ್ಚಿದ್ದು ನಿಜ, ವಾಸಿಯಾಗಿದ್ದೂ ನಿಜ. ಜಾರಿರುವುದು ಮೂರನೆಯದರಲ್ಲಿ. ಚಿಕ್ಕಪುಟ್ಟ ಸುಟ್ಟಗಾಯ ಏನೂ ಹಚ್ಚದಿದ್ದರೂ ಕೆಲವು ದಿನಗಳಲ್ಲಿ ಮಾಯುತ್ತದೆ. ಸಗಣಿ ಹಚ್ಚದೇ ಇದ್ದಿದ್ದರೆ ಏನಾಗುತ್ತಿತ್ತು ಎನ್ನುವುದು ಹೇಳಿದವರಿಗೆ ಗೊತ್ತಿಲ್ಲ. ಗೊತ್ತಾಗಲು ಸಾಧ್ಯವೂ ಇಲ್ಲ, ಅವರಿಗಿದ್ದದ್ದು ಒಂದೇ ಬೆರಳು, ಒಂದೇ ಗಾಯ. ಸಗಣಿಯಿಂದ ಗಾಯ ಕೀವಾದವರ ಕಥೆಯನ್ನು ಯಾರೂ ಊರೆಲ್ಲ ಹೇಳಿಕೊಂಡು ತಿರುಗುವುದಿಲ್ಲ ಎನ್ನುವುದೂ ಇದೆ.

ಹತ್ತು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ. ಒಂದು ಪ್ರಶ್ನೆ ಅವರ ಬಾಯಿಗೆ ಹತ್ತಿದರೆ ಸಾಕು: ‘ಯಾವುದಕ್ಕೆ ಹೋಲಿಸಿ?’

ಪುಸ್ತಕದಲ್ಲಿ ಜಾನ್ ಮತ್ತು ಜೂಲಿಗೆ ಇಬ್ಬರು ಪ್ರೊಫೆಸರ್‌ಗಳು ಸಿಗುತ್ತಾರೆ. ಒಬ್ಬರ ಹೆಸರು ಪ್ರೊಫೆಸರ್ ಕಂಪೇರ್, ಇನ್ನೊಬ್ಬರದು ಪ್ರೊಫೆಸರ್ ಫೇರ್. ಒಬ್ಬರು ಹೋಲಿಸುವವರು, ಇನ್ನೊಬ್ಬರು ನ್ಯಾಯವಾಗಿ ಹೋಲಿಸಿ ಎನ್ನುವವರು. ಹೋಲಿಕೆ ಸಾಲದು, ನ್ಯಾಯವಾದ ಹೋಲಿಕೆ ಬೇಕು ಎನ್ನುವಲ್ಲಿ ಪಾಠ ಗಟ್ಟಿಯಾಗುತ್ತದೆ. ಒಂದು ಹೊಸ ಮಾತ್ರೆಯನ್ನು ಗಟ್ಟಿಮುಟ್ಟಾದ ಹುಡುಗರಿಗೆ ಕೊಟ್ಟು, ಹಳೇ ಮಾತ್ರೆಯನ್ನು ಸೊರಗಿದವರಿಗೆ ಕೊಟ್ಟರೆ ಹೊಸ ಮಾತ್ರೆ ಗೆದ್ದೇ ಗೆಲ್ಲುತ್ತೆ. ಅದು ಮಾತ್ರೆಯ ಗೆಲುವಲ್ಲ. ಯಾರಿಗೆ ಯಾವುದು ಎನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿದರೆ ಎರಡು ಗುಂಪೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ತಾನು ಯಾವ ಮಾತ್ರೆ ನುಂಗಿದೆ ಎಂದು ರೋಗಿಗೆ ಗೊತ್ತಿದ್ದರೆ ‘ಈಗ ಪರವಾಗಿಲ್ಲ’ ಎಂದು ಅನ್ನಿಸುವುದೇ ಬೇರೆಯಾಗುತ್ತದೆ. ಅದಕ್ಕೇ ಗೊತ್ತಾಗದಂತೆ ಕೊಡಬೇಕು. ಇಬ್ಬರು ಮೂವರ ಮೇಲೆ ನೋಡಿದರೆ ಅದೃಷ್ಟದ ಆಟವಾಗುತ್ತದೆ. ಅದಕ್ಕೇ ಸಾಕಷ್ಟು ಜನ ಬೇಕು.

ಮೆಡಿಕಲ್ ಕಾಲೇಜಿನಲ್ಲಿ ಕಲಿಸುವ ವಿಷಯ ಇದು. ಅಲ್ಲಿನ ಕಠಿಣ ಪದಗಳನ್ನು ತೆಗೆದು ಹಾಕಿದ್ದಾರೆ, ಯೋಚನೆಯನ್ನು ತೆಳು ಮಾಡಿಲ್ಲ.

ತಜ್ಞರ ಮಾತೂ ಒಂದೇ ಸಾಲದು ಎಂದು ಮಕ್ಕಳಿಗೆ ಹೇಳಿಕೊಟ್ಟರೆ ನಾಳೆ ಡಾಕ್ಟರನ್ನೂ ನಂಬದೇ ಹೋಗುತ್ತಾರಲ್ಲ ಎಂಬ ಹೆದರಿಕೆ ಸಹಜ. ಈ ಪುಸ್ತಕದ ಗುಣ ಇರುವುದು ಅದರ ಒಂದೇ ಅಳತೆಗೋಲಿನಲ್ಲಿ. ಅಜ್ಜಿಯ ಮದ್ದಿಗೂ ಆಸ್ಪತ್ರೆಯ ಮಾತ್ರೆಗೂ ಅದೇ ಪ್ರಶ್ನೆ. ನಾಟಿ ಔಷಧ ಎಂದು ತಳ್ಳಿಹಾಕುವುದಿಲ್ಲ, ಇಂಗ್ಲಿಷ್ ಔಷಧ ಎಂದು ತಲೆ ಮೇಲೆ ಹೊರುವುದೂ ಇಲ್ಲ. ಡಾಕ್ಟರ್ ಹೇಳಿದ್ದು ನ್ಯಾಯವಾದ ಹೋಲಿಕೆಯಿಂದ ಬಂದಿದ್ದರೆ ಆ ಮಾತು ನಿಲ್ಲುತ್ತದೆ. ನಂಬಬೇಡ ಎಂದು ಕಲಿಸುವುದು ಸುಲಭ. ಅದು ಅಪಾಯಕಾರಿ ಕೂಡ, ಏನನ್ನೂ ನಂಬದವನು ಕೊನೆಗೆ ತನಗೆ ಹಿಡಿಸಿದ್ದನ್ನು ನಂಬುತ್ತಾನೆ. ಯಾವಾಗ ನಂಬಬಹುದು ಎಂದು ಕಲಿಸುವುದು ಕಷ್ಟದ ಕೆಲಸ, ಇವರು ಅದನ್ನೇ ಆರಿಸಿಕೊಂಡರು.

ಮನೆಯಲ್ಲಿ ಹಿರಿಯರಿಗೆ ಎದುರು ಮಾತಾಡಿದ ಹಾಗಾಗುತ್ತಲ್ಲ ಎನ್ನುವುದು ಇನ್ನೊಂದು ತೊಡಕು. ಉಗಾಂಡದಲ್ಲೂ ನಮ್ಮಲ್ಲಿಯ ಹಾಗೆಯೇ ಹಿರಿಯರ ಮಾತಿಗೆ ತೂಕ ಜಾಸ್ತಿ. ಆದರೆ ‘ಅಜ್ಜಿ, ನಿನಗೆ ಇದು ಹೇಗೆ ಗೊತ್ತಾಯ್ತು?’ ಎಂದು ಕೇಳುವುದರಲ್ಲಿ ಅಗೌರವ ಏನೂ ಇಲ್ಲ. ಎಷ್ಟೋ ಅಜ್ಜಿಯರು ಖುಷಿಯಿಂದಲೇ ಹೇಳುತ್ತಾರೆ.

ಅಳೆದು ನೋಡಿದಾಗ

ಮಕ್ಕಳಿಗೆ ಕಲಿಸಿದ ನಿಯಮವನ್ನೇ ಸಂಶೋಧಕರು ತಮ್ಮ ಮೇಲೂ ಹಾಕಿಕೊಂಡರು. 120 ಶಾಲೆಗಳನ್ನು ಲಾಟರಿ ಎತ್ತಿದ ಹಾಗೆ ಎರಡು ಭಾಗ ಮಾಡಿದರು. 60 ಶಾಲೆಗಳಿಗೆ ಪುಸ್ತಕ ಮತ್ತು ಪಾಠ. ಇನ್ನು 60 ಶಾಲೆಗಳಲ್ಲಿ ಎಂದಿನಂತೆ ಓದು. ಟರ್ಮ್ ಮುಗಿದ ಮೇಲೆ ಎಲ್ಲರಿಗೂ ಅದೇ ಪ್ರಶ್ನೆಪತ್ರಿಕೆ, 24 ಪ್ರಶ್ನೆ. 13 ಸರಿಯಾದರೆ ಪಾಸು. ಒಟ್ಟು ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಬರೆದರು.

ಪಾಠ ಕೇಳಿದ ಶಾಲೆಗಳಲ್ಲಿ ನೂರಕ್ಕೆ 69 ಮಕ್ಕಳು ಪಾಸಾದರು. ಪಾಠ ಇಲ್ಲದ ಶಾಲೆಗಳಲ್ಲಿ ನೂರಕ್ಕೆ 27. ಸರಾಸರಿ ಅಂಕ ನೂರಕ್ಕೆ 62 ಮತ್ತು 43. 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಈ ಅಂಕಿಯನ್ನು ಓದುವಾಗ ಆ ಕ್ಲಾಸುಗಳನ್ನೂ ಕಣ್ಣಮುಂದೆ ತಂದುಕೊಳ್ಳಬೇಕು. ಪಾಠ ನಡೆದ 60 ಶಾಲೆಗಳಲ್ಲಿ ಇದ್ದ ಮಕ್ಕಳು 6,383. ಅಂದರೆ ಶಾಲೆಗೆ ಸರಾಸರಿ ನೂರಕ್ಕೂ ಮೇಲೆ. ಪುಸ್ತಕ ಇಂಗ್ಲಿಷಿನಲ್ಲಿತ್ತು, ಮನೆಮಾತು ಬೇರೆ. ಮೇಷ್ಟ್ರುಗಳೇ ಈ ವಿಷಯ ಹೊಸದಾಗಿ ಕಲಿತವರು. ಅವರಿಗೂ ಅದೇ ಪರೀಕ್ಷೆ ಕೊಟ್ಟಿದ್ದರು. ಪುಸ್ತಕ ಇಲ್ಲದ ಶಾಲೆಗಳ ಶಿಕ್ಷಕರಲ್ಲಿ ನೂರಕ್ಕೆ 15ರಷ್ಟು ಜನ ಮಾತ್ರ 24ಕ್ಕೆ 20 ಅಥವಾ ಹೆಚ್ಚು ತೆಗೆದರು. ಪಾಠ ಮಾಡಿದ ಶಿಕ್ಷಕರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಜನ ಅಷ್ಟು ತೆಗೆದರು. ಕಲಿಸುತ್ತಾ ಕಲಿತರು.

ಇಷ್ಟಕ್ಕೇ ಹಿಗ್ಗಬಾರದು, ಇನ್ನೊಂದು ಅಂಕಿ ಇದೆ. 24ಕ್ಕೆ 20 ಅಥವಾ ಹೆಚ್ಚು ತೆಗೆದ ಮಕ್ಕಳು ಪಾಠ ಕೇಳಿದವರಲ್ಲೂ ನೂರಕ್ಕೆ 19ರಷ್ಟೇ. ಪಾಠ ಇಲ್ಲದವರಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ ಎನ್ನುವುದು ನಿಜ. ಆದರೂ ಚೆನ್ನಾಗಿ ಅರಗಿಸಿಕೊಂಡವರು ಐವರಲ್ಲಿ ಒಬ್ಬರು. ಪಾಸಾಗದೇ ಉಳಿದವರೂ ನೂರಕ್ಕೆ 31. ಓದಲು ಚೆನ್ನಾಗಿ ಬರುವ ಮಕ್ಕಳಿಗೆ ಜಾಸ್ತಿ ಲಾಭವಾಯಿತು, ಓದಲು ತಡವರಿಸುವವರಿಗೆ ಕಡಿಮೆ. ನನ್ನನ್ನು ಬಹಳ ಕಾಡುವುದು ಈ ಮಾತು. ಸುಳ್ಳು ಮದ್ದಿಗೆ ದುಡ್ಡು ಸುರಿದು ಹೆಚ್ಚು ಕಷ್ಟಪಡುವವರು ಬಡ ಮನೆಯವರು, ಓದು ಅರ್ಧಕ್ಕೆ ನಿಂತವರು. ಪಾಠ ಅವರನ್ನೇ ಕಡಿಮೆ ಮುಟ್ಟಿದರೆ ಅಂತರ ಇನ್ನೂ ಬೆಳೆಯಬಹುದು. ಗಟ್ಟಿಯಾಗಿ ಓದಿ ಹೇಳುವುದು, ನಾಟಕ ಮಾಡಿಸುವುದು, ಮನೆಮಾತಿನಲ್ಲಿ ಮತ್ತೆ ವಿವರಿಸುವುದು, ಇವೆಲ್ಲ ಇಂಥ ಪಾಠಕ್ಕೆ ಬೇಕೇ ಬೇಕು.

ಇನ್ನೊಂದು ಮಿತಿಯೂ ಇದೆ. ಪ್ರಶ್ನೆಪತ್ರಿಕೆಯಲ್ಲಿ ಸರಿಯಾಗಿ ಗುರುತು ಹಾಕಿದ ಮಗು ನಾಳೆ ಮನೆಯಲ್ಲಿ ಬೆರಳು ಸುಟ್ಟಾಗ ಏನು ಮಾಡುತ್ತದೆ ಎನ್ನುವುದನ್ನು ಆ ಪರೀಕ್ಷೆ ಹೇಳುವುದಿಲ್ಲ.

ಅಪ್ಪ ಅಮ್ಮಂದಿರಿಗೆ ರೇಡಿಯೊ ಕಥೆ

ಅದೇ ಸಮಯದಲ್ಲಿ ಸೆಮಕುಲ ಅವರು ಮಕ್ಕಳ ತಂದೆತಾಯಿಗಳ ಮೇಲೆ ಇನ್ನೊಂದು ಪ್ರಯೋಗ ನಡೆಸಿದರು. ಇದು ಪಕ್ಕದ ಕಥೆ ಅನ್ನಿಸಬಹುದು, ಆದರೆ ಇಡೀ ಪ್ರಕರಣದ ಬೀಗದ ಕೈ ಇಲ್ಲಿದೆ.

ದೊಡ್ಡವರನ್ನು ಕ್ಲಾಸಿಗೆ ಕರೆಯಲು ಆಗಲ್ಲ. ಅದಕ್ಕೆ ರೇಡಿಯೊ ಕಾರ್ಯಕ್ರಮದ ಥರ ಆಡಿಯೊ ಕಂತುಗಳನ್ನು ಇಂಗ್ಲಿಷಿನಲ್ಲೂ ಲುಗಾಂಡ ಭಾಷೆಯಲ್ಲೂ ಮಾಡಿದರು. ಅಂಶಗಳು ಹೆಚ್ಚುಕಡಿಮೆ ಅವೇ. 675 ಮಂದಿಯನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಕಂತುಗಳನ್ನು, ಇನ್ನೊಂದಕ್ಕೆ ಎಂದಿನ ಆರೋಗ್ಯ ಪ್ರಕಟಣೆಗಳನ್ನು ಕೇಳಿಸಿದರು. ಮುಗಿದ ಮೇಲೆ ಪರೀಕ್ಷೆ. ಕಂತು ಕೇಳಿದವರಲ್ಲಿ ನೂರಕ್ಕೆ 70 ಜನ ಪಾಸು, ಕೇಳದವರಲ್ಲಿ 38ರಷ್ಟು. ಮಕ್ಕಳ ಫಲಿತಾಂಶದಷ್ಟೇ ಚೆಂದ!

ಒಂದು ವರ್ಷ ಕಳೆಯಿತು. ಮತ್ತೆ ಹೋಗಿ ಇಬ್ಬರಿಗೂ ಪರೀಕ್ಷೆ ಕೊಟ್ಟರು.

ಮಕ್ಕಳು ಮರೆತಿರಲಿಲ್ಲ. ಪಾಠ ಕೇಳಿದವರಲ್ಲಿ ಪಾಸಾದವರು ನೂರಕ್ಕೆ 69 ಇದ್ದದ್ದು 80ಕ್ಕೆ ಏರಿತ್ತು. ಪಾಠ ಇಲ್ಲದ ಮಕ್ಕಳೂ ಒಂದು ವರ್ಷ ದೊಡ್ಡವರಾಗಿ ನೂರಕ್ಕೆ 51ರ ಹತ್ತಿರ ಬಂದಿದ್ದರು. ಅಂತರ ಸ್ವಲ್ಪ ಕಿರಿದಾಗಿತ್ತು, ಆದರೂ ದೊಡ್ಡದಾಗಿಯೇ ಇತ್ತು. ತಂದೆತಾಯಿಗಳಲ್ಲಿ ಮಾತ್ರ ಕಲಿತದ್ದು ಸೋರಿ ಹೋಗಿತ್ತು. ಕಂತು ಕೇಳಿದವರಲ್ಲಿ ಪಾಸಾದವರು ನೂರಕ್ಕೆ 47ಕ್ಕೆ ಇಳಿದಿದ್ದರು. ಕೇಳದವರು 40ರ ಸುಮಾರು. ಹೆಚ್ಚೇನೂ ವ್ಯತ್ಯಾಸ ಉಳಿದಿರಲಿಲ್ಲ.

ಯಾಕೆ ಹೀಗೆ? ವಯಸ್ಸಿನದೂ ಒಂದು ಪಾಲು ಇರಬಹುದು. ಆದರೆ ಕಲಿತ ಬಗೆಯನ್ನು ನೋಡಿ. ಮಕ್ಕಳಿಗೆ ಮೇಷ್ಟ್ರು ಇದ್ದರು. ಪಕ್ಕದಲ್ಲಿ ಗೆಳೆಯರಿದ್ದರು. ಅಭ್ಯಾಸದ ಪುಸ್ತಕದಲ್ಲಿ ಬರೆದರು. ಒಂದು ಪಾಠದ ಮೇಲೆ ಇನ್ನೊಂದು ಪಾಠ ಕೂತಿತು. ದೊಡ್ಡವರು ಒಬ್ಬರೇ ಕೂತು ಕೇಳಿದರು, ಚೆನ್ನಾಗಿದೆ ಎಂದರು, ಕೆಲಸಕ್ಕೆ ಹೋದರು. ಕೇಳಿದ್ದು ಅರ್ಥವಾಗಿತ್ತು. ಕೈಗೆ ಹತ್ತಿರಲಿಲ್ಲ. ಸೈಕಲ್ ಹೊಡೆಯುವುದನ್ನು ವಿವರಿಸಿ ಹೇಳಿದರೆ ಸೈಕಲ್ ಬರುವುದಿಲ್ಲವಲ್ಲ, ಹಾಗೆ.

ಮಾಹಿತಿ ಸಾಕ್ಷರತೆಯ ಹೆಸರಿನಲ್ಲಿ ಜಗತ್ತಿನಲ್ಲಿ ನಡೆಯುವ ಕೆಲಸದ ಬಹುಪಾಲು ಎರಡನೇ ಬಗೆಯದು. ಒಂದು ಪೋಸ್ಟರ್, ಒಂದು ವೀಡಿಯೊ, ಒಂದು ದಿನದ ಕಾರ್ಯಾಗಾರ, ‘ಫಾರ್ವರ್ಡ್ ಮಾಡುವ ಮುನ್ನ ಯೋಚಿಸಿ’ ಎಂಬ ಒಂದು ಸಾಲು. ಮಾಡಿದವರಿಗೆ ಸಮಾಧಾನ. ಅಂದೇ ಸಂಜೆ ಅಳೆದರೆ ಫಲಿತಾಂಶವೂ ಚೆನ್ನಾಗಿಯೇ ಕಾಣಬಹುದು. ವರ್ಷ ಬಿಟ್ಟು ಅಳೆಯುವವರು ಇಲ್ಲ.

ಬಿಹಾರದಲ್ಲೂ ಅದೇ ಕಥೆ, ಎರಡು ಸಲ

ಉಗಾಂಡದ ಮಾತು ಭಾರತಕ್ಕೆ ಹೊಂದುತ್ತಾ ಎಂದು ಕೇಳುವವರಿಗೆ ಬಿಹಾರದ ಎರಡು ಪ್ರಯೋಗಗಳನ್ನು ಜೋಡಿಸಿ ತೋರಿಸಬಹುದು. 2019ರ ಲೋಕಸಭಾ ಚುನಾವಣೆ ಸಮಯದಲ್ಲಿ ಸುಮಿತ್ರಾ ಬದ್ರಿನಾಥನ್ ಎಂಬ ಸಂಶೋಧಕಿಯ ತಂಡ ಅಲ್ಲಿ 1,224 ಮಂದಿಯೊಡನೆ ಕೆಲಸ ಮಾಡಿತು. ಮನೆಗೇ ಹೋಗಿ, ಸುಮಾರು ಒಂದು ಗಂಟೆ ಕೂತು, ಸುಳ್ಳು ಸುದ್ದಿ ಪತ್ತೆ ಮಾಡುವುದು ಹೇಗೆ ಎಂದು ಹೇಳಿಕೊಟ್ಟರು. ಫೋಟೊ ಹಳೆಯದೋ ಹೊಸದೋ ನೋಡುವುದು ಹೇಗೆ ಎಂದೂ ತೋರಿಸಿದರು. ಕೆಲವು ದಿನಗಳ ನಂತರ ನೋಡಿದರೆ ಒಟ್ಟಾರೆ ಏನೂ ಪರಿಣಾಮ ಇರಲಿಲ್ಲ.

ಅದೇ ಸಂಶೋಧಕಿ ಕೆಲವು ವರ್ಷಗಳ ನಂತರ ಸಹೋದ್ಯೋಗಿಗಳ ಜೊತೆ ಮತ್ತೆ ಬಿಹಾರಕ್ಕೆ ಹೋದರು. ಈ ಸಲ ಹದಿಹರೆಯದ ವಿದ್ಯಾರ್ಥಿಗಳು. 583 ಹಳ್ಳಿಗಳು, 13,500ಕ್ಕೂ ಹೆಚ್ಚು ಮಕ್ಕಳು. ರಾಜ್ಯ ಸರ್ಕಾರದ ಜೀವಿಕಾ ಸಂಸ್ಥೆಯ ಗ್ರಾಮೀಣ ಗ್ರಂಥಾಲಯಗಳಲ್ಲಿ ಕ್ಲಾಸು. ಒಂದೇ ದಿನಕ್ಕೆ ಮುಗಿಸಲಿಲ್ಲ, 14 ವಾರಗಳ ಕಾಲ ಬಿಡಿಬಿಡಿಯಾಗಿ ನಡೆಸಿದರು. ಆರೋಗ್ಯದ ಸುಳ್ಳುಗಳೂ ಅದರಲ್ಲಿ ದೊಡ್ಡ ಪಾಲು. ಈ ಸಲ ಮಕ್ಕಳು ಕಲಿತರು. ನಾಲ್ಕು ತಿಂಗಳ ನಂತರವೂ ಉಳಿದಿತ್ತು. ಅವರ ತಂದೆತಾಯಿಗಳಿಗೂ ಸುಳ್ಳು ಯಾವುದು ನಿಜ ಯಾವುದು ಎನ್ನುವುದು ಚೆನ್ನಾಗಿ ತಿಳಿಯತೊಡಗಿತ್ತು, ಅವರಿಗೆ ಯಾರೂ ಕ್ಲಾಸು ತೆಗೆದುಕೊಳ್ಳದಿದ್ದರೂ. ಮಕ್ಕಳೇ ಮನೆಗೆ ಒಯ್ದಿದ್ದರು.

ರಾಜ್ಯ ಅದೇ. ಬೇರೆಯಾಗಿದ್ದು ಕಲಿಯುವವರ ವಯಸ್ಸು ಮತ್ತು ಕೊಟ್ಟ ಸಮಯ. ಉಗಾಂಡದ ತಂದೆತಾಯಿಗಳು ಮತ್ತು ಮಕ್ಕಳ ನಡುವೆ ಕಂಡ ವ್ಯತ್ಯಾಸವೂ ಬಹುಪಾಲು ಇದೇ.

ಎಲ್ಲಿ ಸಿಕ್ಕಿಕೊಂಡಿದೆ

ಇಷ್ಟು ಒಳ್ಳೆಯ ಫಲಿತಾಂಶ ಬಂದ ಮೇಲೆ ಉಗಾಂಡದ ಎಲ್ಲ ಶಾಲೆಗಳಲ್ಲೂ ಈ ಪುಸ್ತಕ ಬರಬೇಕಿತ್ತು. ಅಷ್ಟು ಸುಲಭವಾಗಿರಲಿಲ್ಲ. ಒಬ್ಬೊಬ್ಬ ಮಗುವಿಗೂ ಬಣ್ಣದ ಪುಸ್ತಕ ಅಚ್ಚು ಹಾಕಿಸುವ ಖರ್ಚು ಒಂದು. ಅದಕ್ಕಿಂತ ದೊಡ್ಡದು ಟೈಮ್‌ಟೇಬಲ್. ಅಲ್ಲಿ ಏಳನೇ ಕ್ಲಾಸಿಗೆ ರಾಷ್ಟ್ರಮಟ್ಟದ ಪಬ್ಲಿಕ್ ಪರೀಕ್ಷೆ. ಶಾಲೆಯ ಮರ್ಯಾದೆ ನಿಂತಿರುವುದು ಅದರ ಮೇಲೆ. ಆ ಪರೀಕ್ಷೆಯಲ್ಲಿ ಬರದ ಪಾಠಕ್ಕೆ 80 ನಿಮಿಷ ಕೊಡಿ ಎಂದರೆ ಯಾವ ಹೆಡ್‌ಮಾಸ್ಟರ್ ಆದರೂ ಯೋಚಿಸುತ್ತಾರೆ.

ಸಂಶೋಧಕರು ಮುಂದಿನ ಹೆಜ್ಜೆಯಲ್ಲಿ ಇದನ್ನು ಮನಸ್ಸಿಗೆ ತೆಗೆದುಕೊಂಡರು. ಉಗಾಂಡ, ಕೀನ್ಯಾ, ರುವಾಂಡ ಮೂರೂ ದೇಶಗಳ ಹೈಸ್ಕೂಲಿಗೆ ಹೊಸ ಪಾಠಗಳನ್ನು ಮಾಡಿದರು. ಪಠ್ಯಕ್ರಮ ಮಾಡುವವರನ್ನು ಮೊದಲೇ ಕೂಡಿಸಿಕೊಂಡರು. ಈ ಸಲ ಮಕ್ಕಳಿಗೆ ಪುಸ್ತಕವೇ ಇಲ್ಲ. ಪಾಠ ಶಿಕ್ಷಕರ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇರುತ್ತದೆ. ಪ್ರೊಜೆಕ್ಟರ್ ಇದ್ದರೆ ಗೋಡೆಯ ಮೇಲೆ ತೋರಿಸಬಹುದು, ಇಲ್ಲದಿದ್ದರೆ ಬೋರ್ಡಿನ ಮೇಲೆ ಬರೆದು ಮಾಡಲು ಬೇರೆಯೇ ರೂಪ ಇದೆ. ಹತ್ತು ಪಾಠ, ಒಂದೊಂದು 40 ನಿಮಿಷ. ಸಾಮಾನ್ಯ ಪೀರಿಯಡ್‌ಗೆ ಹೊಂದುತ್ತದೆ. ಕೋವಿಡ್‌ನಿಂದ ಉಗಾಂಡದ ಶಾಲೆಗಳು ಸುಮಾರು ಎರಡು ವರ್ಷ ಮುಚ್ಚಿದ್ದವು. ತೆರೆದ ಮೇಲೆ 2022ರಲ್ಲಿ ಮೂರು ದೇಶ ಸೇರಿ 244 ಶಾಲೆಗಳಲ್ಲಿ ಪರೀಕ್ಷೆ ನಡೆಯಿತು. ಮೂರೂ ಕಡೆ ಪಾಠ ಕೇಳಿದವರು ಮುಂದೆ ಬಂದರು.

ಈ ಪುಸ್ತಕ, ಕೈಪಿಡಿ ಎಲ್ಲವೂ ಉಚಿತ. ಬೇಕಾದವರು ತಮ್ಮ ಭಾಷೆಗೆ ತಂದುಕೊಳ್ಳಬಹುದು. ಸ್ವಾಹಿಲಿಗೆ, ರುವಾಂಡದ ಕಿನ್ಯಾರುವಾಂಡ ಭಾಷೆಗೆ, ಇನ್ನೂ ಹಲವು ಭಾಷೆಗಳಿಗೆ ಆಗಲೇ ಬಂದಿವೆ. ಕರ್ನಾಟಕದಲ್ಲಿ ಯಾರಾದರೂ ಮೇಷ್ಟ್ರು ಕೈ ಹಾಕುವುದಾದರೆ ಮೂರು ಮಾತು ಹೇಳುತ್ತೇನೆ. ಅನುವಾದ ಮಾತ್ರ ಮಾಡಬೇಡಿ, ಸಗಣಿಯ ಜಾಗದಲ್ಲಿ ನಿಮ್ಮ ಊರಿನ ಮದ್ದನ್ನು ಇಡಿ. ಓದಲು ಬಾರದ ಮಕ್ಕಳನ್ನು ಮುಂದಿನ ಬೆಂಚಿಗೆ ಕರೆದು ಬಾಯಿಮಾತಿನಲ್ಲೇ ಕಲಿಸಿ. ಒಂಬತ್ತು ಪಾಠಕ್ಕೆ ಒಟ್ಟು 12 ಗಂಟೆ ಆಗುತ್ತದೆ, ಅದನ್ನು ಒಂದು ಶನಿವಾರದ ಕಾರ್ಯಕ್ರಮಕ್ಕೆ ಇಳಿಸಬೇಡಿ.

ಇಲಾಖೆಗೆ ಕೇಳಬೇಕಾದ್ದು ಬೇರೆ. ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ಪಾಠ ತಾನಾಗಿ ನಡೆಯುತ್ತದೆ. ವಿಜ್ಞಾನದ ಪತ್ರಿಕೆಯಲ್ಲಿ ಎರಡು ಅಂಕದ ಒಂದು ಪ್ರಶ್ನೆ ಇರಲಿ, ಈ ಥರದ್ದು: ‘ಒಂದು ಶಾಲೆಯ ಹತ್ತು ಮಕ್ಕಳು ಒಂದು ಪುಡಿಯನ್ನು ಹಾಲಿಗೆ ಬೆರೆಸಿ ಒಂದು ವರ್ಷ ಕುಡಿದರು. ಎಲ್ಲರೂ ಎತ್ತರವಾದರು. ಪುಡಿಯಿಂದಲೇ ಎತ್ತರವಾದರು ಎಂದು ಹೇಳಬಹುದೇ? ಹೇಳಲು ಇನ್ನೂ ಏನು ಗೊತ್ತಿರಬೇಕು?’